ಸೀ ನೀರಿನ ಗುಳ್ಳೆ

ಸೋಪಿನ ಗುಳ್ಳೆ ಒಣ ತಟ್ಟೆಗೆ ತಾಕಿದರೆ ಒಡೆಯುತ್ತದೆ. ಒದ್ದೆ ತಟ್ಟೆಗೆ ತಾಕಿದರೆ ಒಡೆಯದೆ, ಕವುಚಿ ಹಾಕಿದ ಬಟ್ಟಲಿನ ಹಾಗೆ ಅಲ್ಲೇ ಕೂರುತ್ತದೆ. ಶಿವಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ನಾನು ಪ್ರತಿ ವರ್ಷ ಇದನ್ನು ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಎರಡು ಸ್ಟೀಲ್ ತಟ್ಟೆ, ಒಂದು ಲೋಟ ಸೋಪಿನ ನೀರು, ಒಂದು ಕೊಳವೆ, ಇಷ್ಟಿದ್ದರೆ ಪಾಠ ಮುಗಿಯಿತು. ಮಕ್ಕಳು ಮಾತ್ರ ಪಾಠ ಬಿಟ್ಟು ಗುಳ್ಳೆಯ ಹಿಂದೆ ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಾನು ಗಂಟಲು ಹರಿಯುವ ಹಾಗೆ ಗದರುತ್ತೇನೆ. ಗದರುವುದರಲ್ಲಿ ನನಗೆ ಶಾಲೆಯಲ್ಲಿ ಒಳ್ಳೆಯ ಹೆಸರಿದೆ.

ಇದೇ ಪಾಠವನ್ನು ನನ್ನ ಅಪ್ಪನಿಗೂ ಮಾಡಬೇಕಾಗಿ ಬಂತು. ಆಗ ಅವನ ತಲೆಯಲ್ಲಿ ಒಂದು ಕಪ್ಪು ಕೂದಲೂ ಉಳಿದಿರಲಿಲ್ಲ.

ಅಪ್ಪ ನೆಲ ಪಾಲಿಶ್ ಮಾಡುವವನು. ನಾನು ಕೈಗೂಸಾಗಿದ್ದಾಗ ರಾಯಚೂರಿನ ಕಡೆಯಿಂದ ಅವ್ವನನ್ನೂ ನನ್ನನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಬಂದ. ಇಂದಿರಾನಗರದಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದವು. ಕಟ್ಟುವ ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು, ಆ ಮನೆ ಮುಗಿದ ಕೂಡಲೇ ಇನ್ನೊಂದು ಮನೆಯ ಪಕ್ಕಕ್ಕೆ ಹೋಗಿ, ನಾನು ಬೆಳೆದದ್ದೆಲ್ಲ ಊರಿನ ಒಳ್ಳೊಳ್ಳೆಯ ಬಂಗಲೆಗಳ ಮಗ್ಗುಲಲ್ಲಿ. ಅವೆಲ್ಲ ಮೊಸಾಯಿಕ್ ನೆಲಗಳು. ಸಿಮೆಂಟಿನಲ್ಲಿ ಬಣ್ಣ ಬಣ್ಣದ ಕಲ್ಲಿನ ಚೂರು ಕಲಸಿ ಹಾಸಿ, ಅದು ಗಟ್ಟಿಯಾದ ಮೇಲೆ ನೀರು ಸುರಿಯುತ್ತಾ ಯಂತ್ರದಿಂದ ಉಜ್ಜಬೇಕು. ಉಜ್ಜಿ ಉಜ್ಜಿ ಮುಖ ಕಾಣುವ ಹಾಗಾದ ಮೇಲೆ ಕೊನೆಗೊಮ್ಮೆ ಸೋಪಿನ ನೀರು ಹಾಕಿ ತೊಳೆಯುವುದು. ಆ ತೊಳೆಯುವ ದಿನ ನನಗೆ ಹಬ್ಬ. ಹಿತ್ತಲಿನಲ್ಲಿ ಪರಂಗಿ ಗಿಡವಿದ್ದರೆ ಎಲೆ ಕಿತ್ತು, ಅದರ ಟೊಳ್ಳು ದಂಟನ್ನು ಬಕೆಟ್ಟಿನಲ್ಲಿ ಅದ್ದಿ ಊದುತ್ತಿದ್ದೆ. ಗುಳ್ಳೆಗಳು ಹೋಗಿ ಅಪ್ಪನ ಒದ್ದೆ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದವು. ಅಪ್ಪ ಅವುಗಳನ್ನು ತುಳಿಯದೆ ಸುತ್ತಿ ಹೋಗುತ್ತಿದ್ದ.

ಆಮೇಲೆ ಮೊಸಾಯಿಕ್ ಹೋಗಿ ಗ್ರಾನೈಟ್ ಬಂತು. ಅದನ್ನು ನೀರು ಹಾಕದೆ, ಒಣಗಿದ್ದಂತೆಯೇ ಕೊಯ್ಯುತ್ತಿದ್ದರು. ಬಾಗಿಲು ಕಿಟಕಿ ಇಲ್ಲದ ಕೋಣೆಯಲ್ಲಿ ಬಿಳಿಯ ಪುಡಿ ಮಂಜಿನ ಹಾಗೆ ಕವಿದಿರುತ್ತಿತ್ತು. ಅಪ್ಪ ಸಂಜೆ ಬಂದರೆ ಹುಬ್ಬು, ರೆಪ್ಪೆ, ಮೂಗಿನ ಕೂದಲು ಎಲ್ಲ ಬೆಳ್ಳಗೆ. ಅವ್ವ ನಗುತ್ತಿದ್ದಳು, ಮುದುಕ ಬಂದ ಅನ್ನುತ್ತಿದ್ದಳು. ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಕು ಎಂದು ಎಲ್ಲರೂ ನಂಬಿದ್ದ ಕಾಲ. ಅವ್ವ ಹೋದ ಕೆಲವು ವರ್ಷಕ್ಕೆ ಅಪ್ಪನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ.

ಕಲ್ಲುಪುಡಿ ಕೂತ ಶ್ವಾಸಕೋಶ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ಅಪ್ಪನಿಗೂ ಹೇಳಿ ಎಂದೆ. ಅವರು ಒಳಗೆ ಬಂದು ಅವನ ಪಕ್ಕದಲ್ಲಿ ಕೂತು ಹೇಳಿದರು, ನಾಜೂಕಾಗಿ, ಮುಚ್ಚುಮರೆ ಇಲ್ಲದೆ. ಅಪ್ಪ ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದ. "ನೋಡವ್ವ, ನೀರು ಹಾಕಿ ತಿಕ್ಕಿದ ಕಲ್ಲು ಏನೂ ಮಾಡ್ಲಿಲ್ಲ. ಒಣಾ ಕಲ್ಲೇ ಒಳಗ ಹೊಕ್ಕೊಂತು," ಎಂದ. ದೂರುವ ದನಿ ಇರಲಿಲ್ಲ. ನನಗೆ ಮಾತ್ರ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಂದು, ಬಸ್ಸಿನಲ್ಲಿ ಬರುವಾಗ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳವಾಡಿದೆ.

ಆಸ್ಪತ್ರೆಯಲ್ಲಿ ಉಸಿರಿನ ವ್ಯಾಯಾಮ ಕಲಿಸಿದ ಹುಡುಗಿ ಒಳ್ಳೆಯವಳು. "ಸೀಟಿ ಹೊಡಿಯೋ ಥರ ತುಟಿ ಮಾಡ್ಕೊಳ್ಳಿ ತಾತ. ಮೂಗಲ್ಲಿ ತಗೊಳ್ಳಿ, ಬಾಯಲ್ಲಿ ನಿಧಾನಕ್ಕೆ ಬಿಡಿ. ಎಷ್ಟು ನಿಧಾನಕ್ಕೆ ಬಿಡ್ತೀರೋ ಅಷ್ಟು ಒಳ್ಳೇದು," ಎಂದು ಹೇಳಿದಳು. ಅಪ್ಪನಿಗೆ ನಿಧಾನ ಎನ್ನುವುದು ಗೊತ್ತಿರಲಿಲ್ಲ. ಭುಸ್ಸೆಂದು ಬಿಡುತ್ತಿದ್ದ, ಕೆಮ್ಮು ಉಕ್ಕುತ್ತಿತ್ತು, ಕಣ್ಣು ಕೆಂಪಾಗಿ ಗೋಡೆಗೆ ಒರಗುತ್ತಿದ್ದ. ಮೇಣದಬತ್ತಿ ಹಚ್ಚಿ, ಆರದ ಹಾಗೆ ಊದು ಎಂದೆ. ಮೊದಲ ಸಲಕ್ಕೇ ಆರಿಸಿದ. "ಮನ್ಯಾಗ ದೀಪ ಆರಿಸೋ ಕೆಲಸ ನನಗ ಹೇಳಬ್ಯಾಡ," ಎಂದು ಎದ್ದುಹೋದ.

ಎದ್ದು ಹೋದ ಎಂದರೆ ಗೇಟಿನ ತನಕ. ಅಲ್ಲಿಂದ ಮುಂದೆ ದಮ್ಮು ಹತ್ತುತ್ತಿತ್ತು. ಆ ಗೇಟನ್ನು ಹಿಡಿದು ನಿಂತೇ ಒಂದು ಬೆಳಿಗ್ಗೆ ಅವನು ತನ್ನ ಆಸೆ ಹೇಳಿದ್ದು. ಇಂದಿರಾನಗರದಲ್ಲಿ ಅವನು ಮೇಸ್ತ್ರಿಯ ಕೈಕೆಳಗಿನಿಂದ ಹೊರಬಂದು ತಾನೇ ಒಪ್ಪಿಕೊಂಡು ಮಾಡಿದ ಮೊದಲ ನೆಲವೊಂದಿತ್ತು. ಹಸಿರು, ಬಿಳಿ, ನಡುವೆ ಅಲ್ಲಲ್ಲಿ ಕಪ್ಪು ಚೂರು. ಕಲ್ಲಿನ ಚೂರು ಆರಿಸಿದ್ದು ಅವ್ವ. ಆ ಮನೆ ಇನ್ನೂ ಇದೆ, ಯಾವುದೋ ಹೋಟೆಲ್ಲಿನವರು ತೆಗೆದುಕೊಂಡಿದ್ದಾರೆ ಎಂದು ಅವನಿಗೆ ಯಾರೋ ಹಳೆಯ ಜೊತೆಗಾರ ಹೇಳಿದ್ದ.

"ಒಮ್ಮಿ ಅದರ ಮ್ಯಾಲ ನಡೀಬೇಕವ್ವ," ಎಂದ.

ಗಾಲಿಕುರ್ಚಿ ತರಿಸೋಣ, ನಾಳೆಯೇ ಹೋಗೋಣ ಎಂದೆ. "ಗಾಲಿ ಮ್ಯಾಲ ಕುಂತು ನೆಲ ಹೆಂಗ ನೋಡ್ಲಿ? ಕಾಲಿಗಿ ತಾಕಬೇಕು," ಎಂದ. ವಾದ ಮಾಡಿ ಪ್ರಯೋಜನವಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಗೇಟಿನಿಂದ ಒಂದು ಬಾಗಿಲಿನ ತನಕ, ಅಲ್ಲಿಂದ ಒಂದು ನಡುಮನೆಯ ಆಚೆ ಗೋಡೆಯ ತನಕ ನಡೆಯುವಷ್ಟು ಉಸಿರು. ಅದು ಅವನಲ್ಲಿ ಇರಲಿಲ್ಲ.

ಗುಳ್ಳೆ ಬಂದದ್ದು ಆಗ. ಶಾಲೆಯ ಪಾಠಕ್ಕೆ ಸಿದ್ಧ ಮಾಡಿಕೊಳ್ಳುತ್ತಾ ಭಾನುವಾರ ನಾನು ಜಗಲಿಯಲ್ಲಿ ಕೂತಿದ್ದೆ. ಬಟ್ಟೆ ಸೋಪನ್ನು ತುರಿದು ನೀರಿಗೆ ಹಾಕಿದೆ. ನೊರೆಯೇ ಬರಲಿಲ್ಲ. ಒಡೆದ ಹಾಲಿನ ಹಾಗೆ ಬೂದು ಬಣ್ಣದ ಗಷ್ಟು ಮೇಲೆ ತೇಲಿತು. ಶಿವಾಜಿನಗರದಲ್ಲಿ ಬರುವುದು ಕಾವೇರಿ ನೀರು, ನಮ್ಮ ಕೆ.ಆರ್. ಪುರದ ಬಾಡಿಗೆ ಮನೆಯ ಟ್ಯಾಂಕಿನಲ್ಲಿರುವುದು ಬೋರ್ ನೀರು. ಗಡಸು ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ ಎಂದು ಆರನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆದು ಬಂದವಳು, ಮನೆಯಲ್ಲಿ ಅದೇ ನೀರಿಗೆ ಸೋಪು ತುರಿದು ಕೂತಿದ್ದೆ. ನನ್ನ ಮೇಲೆ ನನಗೇ ರೇಗಿತು.

ಅಪ್ಪ ನೋಡುತ್ತಿದ್ದವನು, "ಸವಳು ನೀರು ತಗೊಂಡೀಯಲ್ಲ," ಎಂದು ನಕ್ಕು, ನಾಲ್ಕೈದು ಮೆಟ್ಟಿಲು ಕೆಳಗಿದ್ದ ಮನೆಯ ಕಡೆ ಬಗ್ಗಿ, ಮನೆ ಒಡತಿಯನ್ನು ಕೂಗಿದ. ಅವರು ಹಲಸೂರಿನಲ್ಲಿ ಹುಟ್ಟಿ ಬೆಳೆದ ತಮಿಳಿನ ಹೆಂಗಸು, ನನ್ನ ಅಪ್ಪನಿಗಿಂತ ತುಸು ಚಿಕ್ಕವರು. ಅವರ ಮನೆಗೆ ಮಾತ್ರ ಕುಡಿಯುವುದಕ್ಕೆ ಕಾವೇರಿ ನಲ್ಲಿ ಇತ್ತು.

"ಅಮ್ಮಾರ, ಒಂದು ತಂಬಿಗಿ ಸೀ ನೀರು ಕೊಡ್ರಿ," ಎಂದ ಅಪ್ಪ, ನಡುವೆ ಉಸಿರು ಹಿಡಿಯುತ್ತಾ.

ನಮ್ಮ ಕಡೆ ಸೀ ನೀರು ಎಂದರೆ ಕುಡಿಯುವ ನೀರು. ಉಪ್ಪುಪ್ಪಾದದ್ದು ಸವಳು, ಬಾಯಿಗೆ ಹಿತವಾದದ್ದು ಸೀ. ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆ ತಾಯಿ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು, ಕೊಟ್ಟರು, ಅಪ್ಪನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು, ಇಳಿದು ಹೋದರು. ನಾನು ಹೊಸದಾಗಿ ಸೋಪು ತುರಿದು ಕಲಸಿದೆ. ಒಡತಿಯ ಗಿಡದಿಂದ ಪರಂಗಿ ದಂಟು ಕಿತ್ತು ತಂದಿದ್ದೆ. ಅದ್ದಿ ಊದಿದೆ.

ಅಂಥ ಗುಳ್ಳೆಯನ್ನು ನಾನು ಶಾಲೆಯಲ್ಲಿ ಯಾವತ್ತೂ ಮಾಡಿರಲಿಲ್ಲ. ದಂಟಿನ ತುದಿಯಲ್ಲಿ ಅದು ತೂಗಾಡುತ್ತಾ ನಿಂತಿತು. ಬಿಟ್ಟರೆ ಜಗಲಿಯ ಆಚೆ ಹೋಗಿ, ಪಕ್ಕದ ಮನೆಯ ಬಟ್ಟೆ ಹಗ್ಗ ದಾಟಿ, ಕಣ್ಣಿಗೆ ಕಾಣುವಷ್ಟು ದೂರ ಒಡೆಯದೆ ತೇಲಿತು. ಏನಿದು ಎಂದು ನಾನು ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ ಅಪ್ಪ ಅದರಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡ.

"ಸಕ್ಕರಿ!" ಎಂದ.

ಕೆಳಗಿನಿಂದ ಒಡತಿ ಕೂಗಿದರು. "ಸಾಕಾ ಅಮ್ಮಾ? ತಲೆ ಸುತ್ತು ಏನಾದ್ರೂ ಬಂತಾ ಅವರಿಗೆ? ಇನ್ನೊಂದು ಚಮಚ ಹಾಕಿಕೊಡ್ಲಾ?"

ನಾನು ಇಳಿದುಹೋಗಿ ವಿವರಿಸಿದೆ. ಅವರು ಹಣೆಗೆ ಕೈ ಹೊಡೆದುಕೊಂಡರು. "ಸಿಹಿ ನೀರು ಅಂದ್ರೆ ಸಕ್ಕರೆ ನೀರು ತಾನೆ? ನಾವು ನಲ್ಲ ತಣ್ಣಿ ಅಂತೀವಿ. ಒಳ್ಳೆ ನೀರು ಅಂತ ಕೇಳ್ಬಾರ್ದಾ? ಉಸಿರು ಎಳೀತಾ ಕೂಗಿದ್ರಲ್ಲ, ನಂಗೆ ಎದೆ ಧಸಕ್ ಅಂತು," ಎಂದರು. ಎಷ್ಟೋ ತಿಂಗಳ ಮೇಲೆ ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ಅಪ್ಪ ನಕ್ಕು ಕೆಮ್ಮಿದ, ಕೆಮ್ಮಿ ಮತ್ತೆ ನಕ್ಕ.

ಸಕ್ಕರೆ ನೀರನ್ನು ಮಂದ ಮಾಡುತ್ತದೆ, ಬೇಗ ಆರಲು ಬಿಡುವುದಿಲ್ಲ. ಗುಳ್ಳೆ ಒಡೆಯುವುದೇ ಅದರ ಮೈಯ ನೀರು ಆರಿ ತೆಳ್ಳಗಾದಾಗ. ಅದಕ್ಕೇ ಇದು ಇಷ್ಟು ಹೊತ್ತು ನಿಂತದ್ದು ಎಂದು ಅಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿ ದಂಟನ್ನು ನನ್ನ ಕೈಯಿಂದ ತೆಗೆದುಕೊಂಡ. ಭುಸ್ಸೆಂದು ಊದಿದ. ಏನೂ ಆಗಲಿಲ್ಲ, ನೀರು ಚಿಮ್ಮಿತು. ಮತ್ತೆ ಊದಿದ, ಮತ್ತೆ ಚಿಮ್ಮಿತು. ಮೂಗಿನಿಂದ ಉಸಿರೆಳೆದು, ತುಟಿಯನ್ನು ದಂಟಿಗೆ ಒತ್ತಿ, ಕಣ್ಣು ಕಿರಿದು ಮಾಡಿ, ಅಂತೂ ಒಮ್ಮೆ ಮೆತ್ತಗೆ ಬಿಟ್ಟ. ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆಯೊಂದು ಬಂದು ನಿಂತಿತು. ವ್ಯಾಯಾಮದ ಆ ಹುಡುಗಿ ಅಷ್ಟು ದಿನ ಹೇಳಿ ಸೋತದ್ದನ್ನು ಗುಳ್ಳೆ ಹೇಳಿಕೊಟ್ಟಿತು. ಜೋರು ಮಾಡಿದರೆ ಅದು ಬರುವುದೇ ಇಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಇದೇ ಕೆಲಸವಾಯಿತು. ಮೊದಮೊದಲು ನಾಚಿಕೆಪಟ್ಟು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಬೀದಿಯಲ್ಲಿ ಹೋಗುವ ಪಡ್ಡೆಗಳು "ಏನ್ ತಾತ, ಬರ್ತ್‌ಡೇನಾ?" ಎಂದು ಕೂಗುತ್ತಿದ್ದರು. ನಾನು ಜಗಲಿಗೆ ಬಂದು ಮಂಗಳಾರತಿ ಮಾಡಿದ ಮೇಲೆ ಅವರು ದಾರಿ ಬದಲಿಸಿದರು. ಒಡತಿ ಪ್ರತಿ ವಾರ ತಾವಾಗಿಯೇ ಸಕ್ಕರೆ ನೀರು ತಂದುಕೊಡುತ್ತಾ, "ತಗೊಳ್ಳಿ, ನಿಮ್ಮ ಸೀ ನೀರು," ಎಂದು ಅಪ್ಪನನ್ನು ಕಿಚಾಯಿಸುತ್ತಿದ್ದರು. ಜಗಲಿಗೆ ಇರುವೆ ಮುತ್ತಿದವು. ನೆಲವೆಲ್ಲ ಅಂಟು. ನೆಲ ಹಾಗಿರುವುದು ಅಪ್ಪನಿಗೆ ಸಹಿಸದು, ಊದಿ ಮುಗಿದ ಮೇಲೆ ಕೂತಲ್ಲಿಂದಲೇ ಒದ್ದೆ ಬಟ್ಟೆ ಹಾಕಿ ಒರೆಸುತ್ತಿದ್ದ.

ನಿಂಬೆಹಣ್ಣು ಕಿತ್ತಳೆಯಾಯಿತು, ಕಿತ್ತಳೆ ತೆಂಗಿನಕಾಯಿಯಾಯಿತು. ಶ್ವಾಸಕೋಶ ಸರಿಹೋಗುತ್ತಿದೆ ಎಂದು ನಾನು ನಂಬಲಿಲ್ಲ. ಅದು ಸರಿಹೋಗುವಂಥದ್ದಲ್ಲ ಎಂದು ಗೊತ್ತಿತ್ತು. ಇದ್ದಷ್ಟೇ ಉಸಿರನ್ನು ಪೋಲು ಮಾಡದೆ ಬಿಡುವುದನ್ನು ಅಪ್ಪ ಕಲಿಯುತ್ತಿದ್ದ. ಗೇಟು ದಾಟಿ ಮೂಲೆಯ ಅಂಗಡಿಯ ತನಕ ಹೋಗಿಬಂದ. ದಾರಿಯಲ್ಲಿ ನಿಂತು, ಕೈಯಲ್ಲಿ ದಂಟು ಇಲ್ಲದಿದ್ದರೂ ತುಟಿ ಚೂಪು ಮಾಡಿ ಊದುತ್ತಿದ್ದ, ಮತ್ತೆ ನಡೆಯುತ್ತಿದ್ದ.

ಗುಳ್ಳೆಯ ಬಣ್ಣಗಳ ಬಗ್ಗೆ ಕೇಳಿದ. ಮೈಯ ನೀರು ನಿಧಾನವಾಗಿ ಕೆಳಗೆ ಜಾರುತ್ತದೆ, ತಲೆಯ ಕಡೆ ತೆಳ್ಳಗಾಗುತ್ತಾ ಬರುತ್ತದೆ, ತೆಳುವು ಬದಲಾದ ಹಾಗೆ ಬಣ್ಣ ಬದಲಾಗುತ್ತದೆ ಎಂದು ತೋರಿಸಿದೆ. ತೀರಾ ತೆಳ್ಳಗಾದರೆ ನೆತ್ತಿಯಲ್ಲಿ ಬಣ್ಣವೇ ಇರುವುದಿಲ್ಲ, ಕಪ್ಪಾಗಿ ಕಾಣುತ್ತದೆ, ಅದಾದ ಮೇಲೆ ಒಡೆಯುತ್ತದೆ. ಅಪ್ಪ ಒಂದು ಗುಳ್ಳೆಯನ್ನು ಒದ್ದೆ ತಟ್ಟೆಯ ಮೇಲೆ ಕೂರಿಸಿ, ಬಗ್ಗಿ, ಅದರ ನೆತ್ತಿಯನ್ನೇ ನೋಡುತ್ತಾ ಕೂತ. ಒಡೆಯಿತು.

"ನಂದು ಎಲ್ಲಿಗಿ ಬಂದದವ್ವ?" ಎಂದ.

"ಸುಮ್ನ ಊದು," ಎಂದು ಗದರಿದೆ. ಗದರಿದ ದನಿ ಮಕ್ಕಳ ಮೇಲೆ ಎತ್ತುವ ದನಿಗಿಂತ ಜೋರಾಗಿತ್ತು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ನನಗೆ ಬರುವುದು ಅದೊಂದೇ. ಅಪ್ಪನಿಗೆ ಅದು ಗೊತ್ತು. ಮತ್ತೆ ದಂಟನ್ನು ಅದ್ದಿದ.

ಚಳಿ ಕಳೆಯುತ್ತಾ ಬಂದಾಗ ಒಂದು ರಜೆಯ ದಿನ ಬೆಳಿಗ್ಗೆ ಹೊರಟೆವು. ಕೆ.ಆರ್. ಪುರದಿಂದ ಮೆಟ್ರೋ, ಹತ್ತಲು ಲಿಫ್ಟು, ಇಳಿಯಲು ಲಿಫ್ಟು. ಇಂದಿರಾನಗರದ ನಿಲ್ದಾಣದಿಂದ ಆ ಅಡ್ಡರಸ್ತೆಗೆ ಆಟೋ. ಅಪ್ಪ ಬಿಳಿಯ ಅಂಗಿ ತೊಟ್ಟಿದ್ದ, ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿದ್ದ. ಆಟೋದಲ್ಲಿ ಕೂತು ಎಡಕ್ಕೂ ಬಲಕ್ಕೂ ನೋಡುತ್ತಾ, ಇದರಾಗ ಮಲಗೋ ಕ್ವಾಣಿ ನೆಲ ಕೆಂಪಂದು, ಇದರಾಗ ಅಡಗಿಮನಿ ಕರೀದು ಎಂದು ಹೇಳುತ್ತಿದ್ದ. ಅವನು ಕೈ ತೋರಿಸಿದ ಕಡೆಯೆಲ್ಲ ಗಾಜಿನ ಕಚೇರಿ, ಬಟ್ಟೆಯಂಗಡಿ, ಪಬ್ಬು.

ಮನೆ ಸಿಕ್ಕಿತು. ಈಗ ಅದು ಕಾಫಿ, ಕೇಕು ಮಾರುವ ಜಾಗ. ಗೇಟಿನಲ್ಲಿ ನಿಂತು ಅಪ್ಪ ತುಟಿ ಚೂಪು ಮಾಡಿ ಊದಿದ. ನಡೆದ. ನಡುವೆ ಒಮ್ಮೆ ನಿಂತು ಊದಿದ. ನಾನು ಕೈ ಕೊಡಲು ಹೋದರೆ ಬೇಡ ಎಂದ. ಬಾಗಿಲಿನ ಬಳಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟ. ಒಳಗಿದ್ದ ಒಂದಿಬ್ಬರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನೋಡಿದರು. ಅಪ್ಪ ಬರಿಗಾಲನ್ನು ಹೊಸ್ತಿಲಿನಾಚೆ ಇಟ್ಟ, ಅಲ್ಲೇ ನಿಂತ.

"ಇದಲ್ಲ," ಎಂದ.

ನೆಲಕ್ಕೆಲ್ಲ ಮರದ ಹಲಗೆಯಂತೆ ಕಾಣುವ ಹಾಳೆ ಹಾಸಿದ್ದರು. ಈ ಗೋಡೆಯಿಂದ ಆ ಗೋಡೆಯ ತನಕ, ಮೂಲೆಯೂ ಬಿಡದೆ. ಹಸಿರಿಲ್ಲ, ಬಿಳಿಯಿಲ್ಲ, ಅವ್ವ ಆರಿಸಿದ ಕಪ್ಪು ಚೂರು ಇಲ್ಲ. ನನಗೆ ದುಃಖ ಒತ್ತರಿಸಿ ಬಂತು. ತಿಂಗಳುಗಟ್ಟಲೆ ಗುಳ್ಳೆ ಊದಿ ಊದಿ ಅವನು ಕೂಡಿಸಿಕೊಂಡು ಬಂದದ್ದು ಈ ಹಾಳೆಗಾಗಿಯೇ?

ಅಲ್ಲಿ ನೋಡಿಕೊಳ್ಳುತ್ತಿದ್ದ ಯುವಕ ಹತ್ತಿರ ಬಂದ. ಕೂತ್ಕೊಳ್ಳಿ ಎಂದ. ಅಪ್ಪ ಕೂರಲಿಲ್ಲ. ಊದಿ, ಉಸಿರು ಹೊಂದಿಸಿಕೊಂಡು, ಅವನನ್ನು ಕೇಳಿದ.

"ಕೆಳಗಿನ ನೆಲ ಕಿತ್ತೀರೋ, ಹಂಗೇ ಬಿಟ್ಟೀರೋ?"

ಯುವಕ ನನ್ನ ಮುಖ ನೋಡಿದ. ಈ ನೆಲ ಮಾಡಿದ್ದು ಇವರೇ ಎಂದೆ. ಅವನು ಅಪ್ಪನ ಕಾಲನ್ನು ನೋಡಿದ, ಆಮೇಲೆ ತನ್ನ ಬೂಟನ್ನು ನೋಡಿಕೊಂಡ. "ಕಿತ್ತಿಲ್ಲ ಅಂಕಲ್. ನಾನೇ ಇದ್ದೆ ಹಾಕ್ಸುವಾಗ. ಮೇಲೆ ಶೀಟ್ ಅಂಟಿಸಿದ್ದಾರೆ ಅಷ್ಟೇ. ಕೆಳಗೆ ಹಾಗೇ ಇದೆ," ಎಂದ.

ಅಪ್ಪನ ಮುಖ ಸಡಿಲಾಯಿತು. "ಹಂಗಾರ ಆತು. ಮುಚ್ಚಿದ್ರೇನು, ಕೆಳಗ ಇರ್ತದಲ್ಲ. ಹೊಳಪು ಎಲ್ಲಿಗಿ ಹೋಗ್ತದ?" ಎಂದ. ಆಮೇಲೆ ಆ ಹಾಳೆಯ ಮೇಲೆಯೇ, ಆಚೆ ಗೋಡೆಯ ತನಕ, ಯಾರ ಕೈಯನ್ನೂ ಹಿಡಿಯದೆ ನಡೆದುಹೋದ, ಗೋಡೆ ಮುಟ್ಟಿದ, ವಾಪಸು ಬಂದ.

ಹೊರಗಿನ ಮೆಟ್ಟಿಲಿಗೆ ಮಾತ್ರ ಯಾರೂ ಹಾಳೆ ಹಾಕಿರಲಿಲ್ಲ. ಹಸಿರು, ಬಿಳಿ, ಅಲ್ಲಲ್ಲಿ ಕಪ್ಪು. ನಡುವೆ ಜನರ ಕಾಲಿಗೆ ಸವೆದು ಮಂಕಾಗಿತ್ತು, ಗೋಡೆಯ ಅಂಚಿನಲ್ಲಿ ಇನ್ನೂ ಮಿನುಗುತ್ತಿತ್ತು. ಅಪ್ಪ ಆ ಅಂಚಿನಲ್ಲಿ ಕೂತ. "ಬಾಟ್ಲಿ ತಂದೀ?" ಎಂದ. ತಂದಿದ್ದೆ. ಅವನು ಬಾಟ್ಲಿಯಿಂದ ಸೀ ನೀರಿನ ಸೋಪನ್ನು ಮೆಟ್ಟಿಲ ಮೇಲೆ ಸ್ವಲ್ಪ ಸುರಿದು, ಅಂಗೈಯಿಂದ ಸವರಿ, ಒದ್ದೆ ಮಾಡಿದ. ಜೊತೆಗೆ ತಂದಿದ್ದ ದಂಟನ್ನು ಅದರಲ್ಲಿಟ್ಟು ಬಗ್ಗಿ ಊದಿದ. ಗುಳ್ಳೆ ನೆಲಕ್ಕಂಟಿಕೊಂಡೇ ಎದ್ದಿತು, ಅಗಲವಾಯಿತು, ಅಪ್ಪನ ಎರಡು ಅಂಗೈ ಸೇರಿಸಿದಷ್ಟಾಯಿತು. ಅಷ್ಟು ಉದ್ದದ ಉಸಿರು ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ದಂಟು ತೆಗೆದ. ಗುಳ್ಳೆಯ ಒಳಗೆ ಹಸಿರು ಚೂರು, ಕಪ್ಪು ಚೂರು, ಅವನು ಮಾಡಿದ ದಿನದ ಹಾಗೆ ಹೊಳೆಯುತ್ತಿದ್ದವು. ನೆತ್ತಿಯಿಂದ ಬಣ್ಣ ಇಳಿಯತೊಡಗಿತು. ಇಬ್ಬರೂ ನೋಡುತ್ತಾ ಕೂತೆವು. ಕಪ್ಪಾಯಿತು, ಒಡೆಯಿತು.

"ಹೋತು," ಎಂದ ಅಪ್ಪ. ಯಾರಾದರೂ ಜಾರಿಬಿದ್ದಾರು ಎಂದು ಹೆಗಲಿನ ಟವೆಲ್ಲಿನಿಂದ ಮೆಟ್ಟಿಲನ್ನು ಒರೆಸಿ, ಒಣಗಿದೆಯೇ ಎಂದು ಕೈಯಾಡಿಸಿ ನೋಡಿ, ಎದ್ದ.

ಅವನು ತೀರಿಕೊಂಡದ್ದು ಅದೇ ವರ್ಷದ ಮಳೆಗಾಲದಲ್ಲಿ, ನಾನು ಪಕ್ಕದಲ್ಲಿರುವಾಗಲೇ. ಕೊನೆಯ ತನಕ ತುಟಿ ಚೂಪು ಮಾಡಿಯೇ ಉಸಿರು ಬಿಡುತ್ತಿದ್ದ. ಒಡತಿ ಅಂದು ಸಕ್ಕರೆ ಹಾಕದ ಕಾವೇರಿ ನೀರನ್ನು ತಂದು, ತಾವೇ ಚಮಚದಿಂದ ಅವನ ಬಾಯಿಗೆ ಬಿಟ್ಟರು. "ಸೀ ನೀರು," ಎಂದರು, ನಮ್ಮ ಮಾತಿನಲ್ಲಿ, ಸರಿಯಾಗಿ.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು, ಆಮೇಲೆ ಗುದ್ದಲಿಯವರು ಉಳಿದ ಮಣ್ಣನ್ನು ಎಳೆದರು. ಅಪ್ಪನ ಅಂಗಿಯ ಬಿಳುಪು ಕಡಿಮೆಯಾಗುತ್ತಾ ಬಂದು, ಇಲ್ಲವಾಯಿತು. ನೆಲ ಸಮವಾಯಿತು. ಮುಚ್ಚಿದ್ರೇನು, ಕೆಳಗ ಇರ್ತದಲ್ಲ ಎಂದು ಅಪ್ಪ ಹೇಳಿದ್ದು ನೆನಪಾಯಿತು. ಅದನ್ನೇ ನನಗೆ ನಾನು ಹೇಳಿಕೊಂಡೆ, ಮತ್ತೊಮ್ಮೆ ಹೇಳಿಕೊಂಡೆ. ಅವನಿಗೆ ಆ ಮಾತು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ನನಗೆ ಅಪ್ಪ ನೆಲದ ಮೇಲೆ ಬೇಕಾಗಿದ್ದ.